ಹಾಸಿಗೆ ಹಿಡಿದವರ ಬಳಿಗೆ ಮನೆಯ ನಾಯಿ, ಎತ್ತು ಬರಬಹುದೇ?

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ. ತಂದೆಗೆ 66 ವರ್ಷ, ಜೀವನವಿಡೀ ಒಕ್ಕಲುತನ ಮಾಡಿದವರು. ಬಾಯಿಯ ಕ್ಯಾನ್ಸರ್‌ಗೆ ಬೆಳಗಾವಿಯಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣ ಎರಡೂ ಆದವು. ಈಗ ರೋಗ ಮರಳಿದೆ. ಗುಣಪಡಿಸುವ ಚಿಕಿತ್ಸೆ ಇನ್ನಿಲ್ಲ, ನೋವಾಗದಂತೆ ನೋಡಿಕೊಳ್ಳಿ ಎಂದು ಹೇಳಿ ಮನೆಗೆ ಕಳುಹಿಸಿದ್ದಾರೆ. ಬಲಗೆನ್ನೆಯಲ್ಲಿ ತೆರೆದ ಗಾಯವಿದೆ. ಮೂಗಿನ ಕೊಳವೆಯಿಂದ ಆಹಾರ ಕೊಡುತ್ತೇವೆ, ನೋವಿಗೆ ಮಾರ್ಫಿನ್ ನಡೆದಿದೆ. ಅವರ ಮಾತು ನಮಗೆ ತಿಳಿಯುವುದಿಲ್ಲ, ಸ್ಲೇಟಿನ ಮೇಲೆ ಬರೆದು ತೋರಿಸುತ್ತಾರೆ. ಮನೆಯಲ್ಲಿ ಆರು ವರ್ಷದ ಮುಧೋಳ ತಳಿಯ ಹೆಣ್ಣು ನಾಯಿ ಮತ್ತು ಒಂದು ಜೋಡಿ ಖಿಲಾರಿ ಎತ್ತುಗಳಿವೆ. ಸೋಂಕು ತಗಲುತ್ತದೆ ಎಂದು ಸಂಬಂಧಿಕರು ನಾಯಿಯನ್ನು ತೋಟದ ಮನೆಯಲ್ಲಿ ಕಟ್ಟಿಹಾಕಿದ್ದಾರೆ. ತಂದೆ ದಿನವೂ ಅದನ್ನೇ ಕೇಳುತ್ತಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ರೋಗಿಗಳ ಬಳಿಗೆ ತರಬೇತಾದ ನಾಯಿಗಳನ್ನು ಕರೆದೊಯ್ಯುವ ಚಿಕಿತ್ಸೆಯ ಬಗ್ಗೆ ಓದಿದೆ. ಇದಕ್ಕೆ ಆಧಾರವಿದೆಯೇ? ಅಂಥ ನಾಯಿಯನ್ನು ಇಲ್ಲಿಂದ ಕರೆತರಬೇಕೇ, ನಮ್ಮದೇ ಸಾಕೇ? ಅಪಾಯವೆಷ್ಟು? ಅಣ್ಣ ಎತ್ತುಗಳನ್ನು ಮಾರುವ ಯೋಚನೆಯಲ್ಲಿದ್ದಾನೆ. ಅದನ್ನು ತಂದೆಗೆ ಹೇಳಬೇಕೇ ಎಂಬುದೂ ತೋಚುತ್ತಿಲ್ಲ.

ಉತ್ತರ: ನಾಯಿಯನ್ನು ತೋಟದಿಂದ ಮನೆಗೆ ಕರೆತನ್ನಿ. ಅದಕ್ಕೂ ಮೊದಲು ಮುಗಿಸಬೇಕಾದ ಕೆಲವು ಕೆಲಸಗಳಿವೆ, ಅವುಗಳನ್ನು ಕೆಳಗೆ ವಿವರವಾಗಿ ಬರೆಯುತ್ತೇನೆ. ಬೆಂಗಳೂರಿನಿಂದ ಯಾವ ನಾಯಿಯನ್ನೂ ಕರೆಸುವ ಅಗತ್ಯವಿಲ್ಲ. ಎತ್ತುಗಳನ್ನೂ ಅವರಿಗೆ ತೋರಿಸಬಹುದು, ಮುಟ್ಟಿಸಲೂಬಹುದು. ಮಾರಾಟದ ವಿಷಯವನ್ನು ಅವರಿಂದ ಮುಚ್ಚಿಡಬೇಡಿ.

ಮೊದಲು ಆಧಾರದ ಮಾತು. ರೋಗಿಗಳ ಬಳಿ ಪ್ರಾಣಿಗಳಿರುವುದು ಹೊಸ ಯೋಚನೆಯೇನೂ ಅಲ್ಲ. ದೀರ್ಘಕಾಲದ ರೋಗಿಗಳಿಗೆ ಸಣ್ಣ ಸಾಕುಪ್ರಾಣಿ ಒಳ್ಳೆಯ ಸಂಗಾತಿಯಾಗುತ್ತದೆ ಎಂದು ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯ ಬಗ್ಗೆ ಬರೆದ ಪುಸ್ತಕದಲ್ಲಿ 160 ವರ್ಷಗಳ ಹಿಂದೆಯೇ ಹೇಳಿದ್ದರು. 1960ರ ದಶಕದಲ್ಲಿ ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್, ತಮ್ಮ ನಾಯಿ ಜಿಂಗಲ್ಸ್ ಕೋಣೆಯಲ್ಲಿದ್ದಾಗ ಯಾರೊಂದಿಗೂ ಮಾತನಾಡದ ಮಕ್ಕಳು ತೆರೆದುಕೊಳ್ಳುವುದನ್ನು ಗಮನಿಸಿ ಅದನ್ನು ಚಿಕಿತ್ಸೆಯ ವಿಧಾನವಾಗಿ ಬೆಳೆಸಿದರು. ಅಲ್ಲಿಂದ ಮುಂದೆ ಅದು ಆಸ್ಪತ್ರೆಗಳಿಗೆ, ವೃದ್ಧಾಶ್ರಮಗಳಿಗೆ, ಸಾವಿನ ಹೊಸ್ತಿಲಲ್ಲಿರುವವರನ್ನು ನೋಡಿಕೊಳ್ಳುವ ಹಾಸ್ಪೈಸ್‌ಗಳಿಗೆ ಹಬ್ಬಿತು. ನಮ್ಮ ದೇಶದಲ್ಲೂ ಮುಂಬೈ, ಬೆಂಗಳೂರಿನಂಥ ನಗರಗಳಲ್ಲಿ ತರಬೇತಾದ ನಾಯಿಗಳ ತಂಡಗಳಿವೆ.

ಇಷ್ಟು ವರ್ಷಗಳಲ್ಲಿ ಏನು ಸಾಬೀತಾಗಿದೆ? 2007ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ, ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದ್ದ 76 ಮಂದಿಯ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಒಂದು ಗುಂಪಿನ ಬಳಿಗೆ ನಾಯಿಯೊಂದಿಗೆ ಸ್ವಯಂಸೇವಕರು ಹೋದರು, ಇನ್ನೊಂದರ ಬಳಿಗೆ ಸ್ವಯಂಸೇವಕರು ಮಾತ್ರ, ಮೂರನೆಯ ಗುಂಪಿಗೆ ಎಂದಿನ ಆರೈಕೆಯಷ್ಟೇ. ಭೇಟಿ 12 ನಿಮಿಷದ್ದು. ನಾಯಿ ಬಂದವರಲ್ಲಿ ಆತಂಕ ಇಳಿಯಿತು, ಶ್ವಾಸಕೋಶದ ರಕ್ತನಾಳದಲ್ಲಿನ ಒತ್ತಡ ಇಳಿಯಿತು, ಒತ್ತಡದ ಹಾರ್ಮೋನಿನ ಮಟ್ಟವೂ ಇಳಿಯಿತು. ಮನುಷ್ಯರು ಮಾತ್ರ ಹೋದಾಗ ಅಷ್ಟು ಇಳಿಯಲಿಲ್ಲ. 2015ರಲ್ಲಿ ಜಪಾನಿನ ಸಂಶೋಧಕರು, ನಾಯಿ ಮತ್ತು ಅದರ ಒಡೆಯ ಪರಸ್ಪರ ಕಣ್ಣಿಟ್ಟು ನೋಡುವಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಹಾರ್ಮೋನು ಹೆಚ್ಚುತ್ತದೆ ಎಂದು ತೋರಿಸಿದರು. ತಾಯಿ ಮತ್ತು ಹಸುಗೂಸಿನ ನಡುವಿನ ಬಾಂಧವ್ಯದಲ್ಲಿ ಕೆಲಸ ಮಾಡುವುದೂ ಇದೇ ಹಾರ್ಮೋನು. ಕಣ್ಣು ಕೂಡಿಸಿದ್ದು ಸ್ವಂತ ನಾಯಿ ಎಂಬುದನ್ನು ಇಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳಿ. ನನ್ನ ಉತ್ತರವೆಲ್ಲ ನಿಂತಿರುವುದು ಈ ಅಂಶದ ಮೇಲೆ.

ಗುಣವಾಗದ ರೋಗದಲ್ಲಿ ನೋವು, ಸಂಕಟ ಇಳಿಸುವ ಪ್ಯಾಲಿಯೇಟಿವ್ ಆರೈಕೆಯಲ್ಲಿ ನಡೆದ ಅಧ್ಯಯನಗಳು ಬಹುಪಾಲು ಚಿಕ್ಕವು. ಭಾಗವಹಿಸಲು ಒಪ್ಪುವವರು ಮೊದಲೇ ಪ್ರಾಣಿಪ್ರಿಯರಾಗಿರುತ್ತಾರೆ, ಆದ್ದರಿಂದ ಫಲಿತಾಂಶವೂ ಒಂದು ಕಡೆಗೆ ವಾಲುತ್ತದೆ. ಆತಂಕ, ಬೇಸರ, ಒಂಟಿತನ ಆ ಹೊತ್ತಿಗೆ ಕಡಿಮೆಯಾಗುತ್ತವೆ ಎಂದು ಧೈರ್ಯವಾಗಿ ಹೇಳಬಹುದು. ನೋವಿನ ಮೇಲಿನ ಪರಿಣಾಮದ ಬಗ್ಗೆ ಅಷ್ಟು ಧೈರ್ಯ ಸಾಲದು. ಗಡ್ಡೆ ಕರಗುವುದಿಲ್ಲ, ಆಯುಷ್ಯ ಹೆಚ್ಚುವುದಿಲ್ಲ. ಹಾಗೆಂದು ಯಾರಾದರೂ ಹೇಳಿ ಹಣ ಕೇಳಿದರೆ ಅವರನ್ನು ಮನೆಯೊಳಗೆ ಬಿಡಬೇಡಿ.

ನಗರಗಳ ತಂಡಗಳು ನಾಯಿಯನ್ನು ಕರೆದೊಯ್ಯುವುದು ಅಪರಿಚಿತರ ಬಳಿಗೆ. ಆಸ್ಪತ್ರೆಯ ವಾರ್ಡಿನಲ್ಲಿ, ಮನೆಯಿಂದ ದೂರವಾಗಿ, ಸೂಜಿ ಕೊಳವೆಗಳ ನಡುವೆ ಮಲಗಿದವರಿಗೆ ಯಾವುದೋ ಒಂದು ಸೌಮ್ಯ ನಾಯಿಯ ಬೆನ್ನು ಸವರುವುದೇ ದೊಡ್ಡ ನೆಮ್ಮದಿ. ಅದಕ್ಕಾಗಿ ಆ ನಾಯಿಗಳನ್ನು ಸ್ವಭಾವ ನೋಡಿ ಆರಿಸಿ ತಿಂಗಳುಗಟ್ಟಲೆ ಪಳಗಿಸುತ್ತಾರೆ. ಆಸ್ಪತ್ರೆ ಸೋಂಕುಗಳ ಮೇಲೆ ಕೆಲಸ ಮಾಡುವ ಅಮೆರಿಕದ ತಜ್ಞರ ಸಂಘವೊಂದು 2015ರಲ್ಲಿ ನಿಯಮಗಳನ್ನು ಬರೆದಿದೆ: ನಾಯಿಗೆ ಕನಿಷ್ಠ ಒಂದು ವರ್ಷವಾಗಿರಬೇಕು, ಹಸಿ ಮಾಂಸ ತಿನ್ನುತ್ತಿರಬಾರದು, ಒಬ್ಬ ನಿರ್ವಾಹಕನ ಕೈಯಲ್ಲಿ ಒಂದೇ ಪ್ರಾಣಿ ಇರಬೇಕು, ಭೇಟಿ ಒಂದು ಗಂಟೆ ಮೀರಬಾರದು, ಮುಟ್ಟುವ ಮೊದಲೂ ನಂತರವೂ ಎಲ್ಲರೂ ಕೈ ಶುಚಿ ಮಾಡಿಕೊಳ್ಳಬೇಕು. ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಆಸ್ಪತ್ರೆಗಳಲ್ಲಿ ಯಾರಾದರೂ ಇಂಥ ಸೇವೆ ಆರಂಭಿಸುವುದಾದರೆ ಆ ನಿಯಮಗಳಿಂದಲೇ ಆರಂಭಿಸಲಿ, ಖಂಡಿತ ಆರಂಭಿಸಲಿ.

ನಿಮ್ಮ ತಂದೆಯವರ ಸ್ಥಿತಿ ಬೇರೆ. ಅವರಿರುವುದು ತಮ್ಮದೇ ಮನೆಯಲ್ಲಿ. ಅವರು ಕೇಳುತ್ತಿರುವ ಜೀವಕ್ಕೆ ಅವರ ಬೆವರಿನ ವಾಸನೆ, ಕೆಮ್ಮು, ಹೆಜ್ಜೆಯ ಸದ್ದು ಎಲ್ಲವೂ ಗೊತ್ತಿದೆ. ಸುಮಾರು 500 ಕಿಲೋಮೀಟರ್ ದೂರದಿಂದ ಕಾರಿನಲ್ಲಿ ದಣಿದು ಬರುವ ಲ್ಯಾಬ್ರಡಾರ್ ನಾಯಿ ಕೊಡಲಾಗದ್ದನ್ನು ತೋಟದಲ್ಲಿ ಕಟ್ಟಿಹಾಕಿದ ನಿಮ್ಮ ನಾಯಿ ಕೊಡಬಲ್ಲದು.

ಮುಧೋಳ ತಳಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಜಿಲ್ಲೆಯ ಹೆಮ್ಮೆ ಅದು. ಘೋರ್ಪಡೆ ಅರಸರು ಪೋಷಿಸಿದ ತಳಿ, 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದಿದೆ, ಸೈನ್ಯವೂ ತರಬೇತಿಗೆ ಕರೆದೊಯ್ದಿದೆ. ಆದರೆ ಅದು ಕಣ್ಣಿನಿಂದ ಬೇಟೆ ಹುಡುಕಿ ಓಡುವ ನಾಯಿ. ಹೊಸಬರು ಮೈಮುಟ್ಟುವುದನ್ನು ಸಾಮಾನ್ಯವಾಗಿ ಇಷ್ಟಪಡುವುದಿಲ್ಲ, ಒಬ್ಬಿಬ್ಬರಿಗೆ ಮಾತ್ರ ಮನಸ್ಸು ಕೊಡುತ್ತದೆ. ಇದನ್ನು ಓದಿದ ಬೇರೆಯವರು ತಮ್ಮ ಮುಧೋಳ ನಾಯಿಯನ್ನು ಪಕ್ಕದ ಮನೆಯ ರೋಗಿಗೆ ಸಮಾಧಾನ ಹೇಳಲು ಕರೆದೊಯ್ಯುವುದು ಬೇಡ. ನಿಮ್ಮ ತಂದೆಯವರ ಮಟ್ಟಿಗೆ ಮಾತ್ರ ಇದೇ ಸ್ವಭಾವ ವರವಾಗುತ್ತದೆ, ಏಕೆಂದರೆ ಆ ಒಬ್ಬಿಬ್ಬರಲ್ಲಿ ಅವರು ಮೊದಲಿಗರು.

ಈಗ ಅಪಾಯ. ಸಂಬಂಧಿಕರ ಭಯ ಪೂರ್ತಿ ಸುಳ್ಳಲ್ಲ, ಅದನ್ನು ತಳ್ಳಿಹಾಕಬೇಡಿ. ಬಾಯಿ ಕ್ಯಾನ್ಸರಿನ ತೆರೆದ ಗಾಯಕ್ಕೆ ವಾಸನೆಯಿರುತ್ತದೆ. ನಾಯಿ ಆ ವಾಸನೆಯನ್ನು ಹಿಂಬಾಲಿಸಿ ಬಂದು ನೆಕ್ಕಲು ನೋಡುತ್ತದೆ. ಅದಕ್ಕೆ ಅದು ಪ್ರೀತಿ, ಗಾಯಕ್ಕೆ ಕೇಡು. ನಾಯಿಯ ಬಾಯಲ್ಲಿ ಸಹಜವಾಗಿರುವ ಕೆಲವು ಬ್ಯಾಕ್ಟೀರಿಯಾಗಳು ರೋಗನಿರೋಧಕ ಶಕ್ತಿ ಕುಂದಿದವರ ರಕ್ತಕ್ಕೆ ಸೇರಿದರೆ ಗಂಭೀರ ಸೋಂಕಾಗಬಹುದು. ನಾಯಿ ನೆಕ್ಕಿದರೆ ಗಾಯ ಮಾಯುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಈ ಗಾಯಕ್ಕೆ ಅದು ಸಲ್ಲದು. ಆದ್ದರಿಂದ ಭೇಟಿಗೆ ಮೊದಲು ಗಾಯ ತೊಳೆದು ಹೊಸ ಪಟ್ಟಿ ಕಟ್ಟಿರಿ. ಮೆಟ್ರೋನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ಉದುರಿಸಿದರೆ ವಾಸನೆ ಬಹಳ ಇಳಿಯುತ್ತದೆ. ನಿಮ್ಮ ವೈದ್ಯರನ್ನು ಕೇಳಿ ಹಾಗೆ ಮಾಡಿ. ವಾಸನೆ ಇಳಿದರೆ ನಾಯಿಗೆ ಮಾತ್ರವಲ್ಲ, ಹತ್ತಿರ ಕೂರಲು ಹಿಂಜರಿಯುವ ಮೊಮ್ಮಕ್ಕಳಿಗೂ ದಾರಿ ಸುಗಮವಾಗುತ್ತದೆ. ಇದೇ ಕಾರಣಕ್ಕೆ ನೊಣ ಕೂರದಂತೆಯೂ ಗಾಯವನ್ನು ಸದಾ ಮುಚ್ಚಿಡಬೇಕು. ಹುಳು ಬೀಳುವುದು ನಮ್ಮ ಕಡೆ ತೀರಾ ಅಪರೂಪವೇನಲ್ಲ.

ಸೋಂಕಿಗಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಎರಡು ಸಂಗತಿಗಳು. ಒಂದು ರಕ್ತಸ್ರಾವ. ಕೆನ್ನೆ, ಕತ್ತಿನ ಗಡ್ಡೆ ರಕ್ತನಾಳದ ಹತ್ತಿರ ಬೆಳೆದಿರಬಹುದು. ವಾರಗಳ ನಂತರ ಒಡೆಯನನ್ನು ಕಂಡ ನಾಯಿ ಸಂತೋಷಕ್ಕೆ ಎಗರಿ ಮುಖಕ್ಕೆ ಮುಖ ತಾಗಿಸಿದರೆ ಗಾಯ ಕೆದಕಿದಂತಾಗುತ್ತದೆ. ಭೇಟಿ ಇರಲಿ ಬಿಡಲಿ, ಗಾಢ ಬಣ್ಣದ ಒಂದೆರಡು ದಪ್ಪ ಟವೆಲ್‌ಗಳನ್ನು ಹಾಸಿಗೆಯ ಪಕ್ಕದಲ್ಲಿ ಯಾವಾಗಲೂ ಇಟ್ಟುಕೊಳ್ಳಿ. ರಕ್ತ ಬಂದರೆ ಒತ್ತಿ ಹಿಡಿಯಲು ಬೇಕಾಗುತ್ತವೆ, ಗಾಢ ಬಣ್ಣವಾದರೆ ನೋಡುವವರ ಗಾಬರಿಯೂ ಕಡಿಮೆ. ಇನ್ನೊಂದು ಮೂಗಿನ ಕೊಳವೆ. ಬಾಲಕ್ಕೋ ಪಂಜಕ್ಕೋ ಸಿಕ್ಕಿ ಕಿತ್ತುಬಂದರೆ ಮತ್ತೆ ಹಾಕಿಸಲು ಆಸ್ಪತ್ರೆಗೆ ಓಡಬೇಕು. ಕೊಳವೆಯನ್ನು ಅಂಟುಪಟ್ಟಿಯಿಂದ ಹಣೆಯ ಕಡೆಗೆ ತಿರುಗಿಸಿ ಭದ್ರಪಡಿಸಿ. ಆಹಾರ ಕೊಟ್ಟ ಕೂಡಲೇ ಭೇಟಿ ಬೇಡ. ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ನಡೆಯುತ್ತಿದ್ದರೆ ಚರ್ಮ ತೆಳುವಾಗಿರುತ್ತದೆ, ಉಗುರು ಸೋಕಿದರೂ ಹರಿಯುತ್ತದೆ. ಹಾಗಾಗಿ ನಾಯಿಯ ಉಗುರು ಕತ್ತರಿಸಿಕೊಂಡೇ ಕರೆತನ್ನಿ.

ರೇಬಿಸ್ ವಿಷಯದಲ್ಲಿ ಯಾವ ಸಡಿಲಿಕೆಯೂ ಇರಬಾರದು. ನಾಯಿಗೆ ಪ್ರತಿವರ್ಷ ಲಸಿಕೆ ಹಾಕಿಸಿದ್ದೀರಾ? ಹೌದಾದರೆ ಕಾರ್ಡು ತೆಗೆದು ದಿನಾಂಕ ನೋಡಿ. ಅವಧಿ ಮೀರಿದ್ದರೆ ತಾಲ್ಲೂಕಿನ ಪಶು ಆಸ್ಪತ್ರೆಗೆ ಕರೆದೊಯ್ದು ಮತ್ತೆ ಹಾಕಿಸಿ, ಅಲ್ಲೇ ಜಂತುನಾಶಕವನ್ನೂ ಉಣ್ಣೆಗೆ ಔಷಧಿಯನ್ನೂ ಕೊಡಿಸಿ. ಜೀವಮಾನದಲ್ಲಿ ಒಮ್ಮೆಯೂ ಲಸಿಕೆ ಬಿದ್ದಿಲ್ಲವಾದರೆ ಮೊದಲ ಚುಚ್ಚುಮದ್ದಿನ ನಂತರ ರಕ್ಷಣೆ ಬಂದಿದೆ ಎನ್ನಲು ಸುಮಾರು 28 ದಿನ ಬೇಕು. ತಂದೆಯವರಿಗೆ ಅಷ್ಟು ಸಮಯವಿದೆಯೋ ಇಲ್ಲವೋ ಎಂಬ ಪ್ರಶ್ನೆ ಏಳುತ್ತದೆ, ಅದನ್ನು ವೈದ್ಯರೊಂದಿಗೆ ಮುಚ್ಚುಮರೆಯಿಲ್ಲದೆ ಮಾತನಾಡಿ. ಕಾಯುವಷ್ಟು ಸಮಯವಿಲ್ಲ ಎಂದಾದರೆ ನಾನು ಭೇಟಿಯನ್ನು ಕೈಬಿಡುವುದಿಲ್ಲ, ದೂರವನ್ನು ಹೆಚ್ಚಿಸುತ್ತೇನೆ: ಪಶುವೈದ್ಯರು ಪರೀಕ್ಷಿಸಿದ ಮೇಲೆ, ಗಿಡ್ಡ ಹಗ್ಗದಲ್ಲಿ, ತಂದೆಯವರ ಕೈ ನಾಯಿಯ ಬೆನ್ನಿಗೆ ಮಾತ್ರ ತಾಗುವಂತೆ, ನಾಯಿಯ ಮುಖ ಆಚೆಗಿರುವಂತೆ.

ಇಲ್ಲಿ ಸಂಬಂಧಿಕರಿಗೆ ತಿಳಿಸಬೇಕಾದ ಮಾತೊಂದಿದೆ. ನಾಯಿಯನ್ನು ದೂರದ ತೋಟದಲ್ಲಿ ಕಟ್ಟಿಹಾಕಿದ್ದರಿಂದ ಅಪಾಯ ಹೆಚ್ಚಿರುವ ಸಾಧ್ಯತೆಯೇ ಉಂಟು. ಕಟ್ಟಿದ ನಾಯಿಯ ಮೇಲೆ ರಾತ್ರಿ ಬೀದಿನಾಯಿಗಳು, ನರಿಗಳು ಎರಗಬಹುದು, ಓಡಿಹೋಗಲು ಅದಕ್ಕೆ ದಾರಿಯಿಲ್ಲ. ಮೈಮೇಲೆ ಹೊಸ ಕಚ್ಚಿದ ಗುರುತುಗಳಿವೆಯೇ ಎಂದು ಕೂದಲು ಸರಿಸಿ ನೋಡಿ. ಇದ್ದರೆ ಪಶುವೈದ್ಯರು ಹೇಳುವವರೆಗೆ ತಂದೆಯವರ ಹತ್ತಿರ ಬಿಡಬೇಡಿ.

ಅಕಸ್ಮಾತ್ ಹಲ್ಲು ತಾಗಿದರೆ, ಉಗುರು ಗೀರಿದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ವೈದ್ಯರಿಗೆ ತಿಳಿಸಿ. ಲಸಿಕೆಯ ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಡಬೇಕೇ ಎಂದು ಅವರು ನಿರ್ಧರಿಸುತ್ತಾರೆ. ನಿರೋಧಕ ಶಕ್ತಿ ಕುಂದಿದವರಿಗೆ ರಕ್ತ ಬಾರದ ಸಣ್ಣ ಗೀರಿಗೂ ಅದನ್ನು ಕೊಡುವುದು ನಿಯಮ. ಅರಿಸಿನ, ಸುಣ್ಣ, ಮೆಣಸಿನಪುಡಿ ಏನನ್ನೂ ಹಚ್ಚಬೇಡಿ.

ಈಗ ಭೇಟಿ ಹೇಗಿರಬೇಕು ಎಂಬುದಕ್ಕೆ ಬರುತ್ತೇನೆ. ಎಲ್ಲಕ್ಕಿಂತ ಮೊದಲು ನೋವು. ಹಾಸ್ಪೈಸ್ ಚಳವಳಿಗೆ ಅಡಿಪಾಯ ಹಾಕಿದ ಸಿಸಿಲಿ ಸಾಂಡರ್ಸ್, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ತೆರೆದವರು, ಸಾಯುತ್ತಿರುವವರ ನೋವಿನಲ್ಲಿ ದೇಹದ್ದು, ಮನಸ್ಸಿನದು, ಸಂಬಂಧಗಳದ್ದು, ಆತ್ಮದ್ದು ಎಂದು ನಾಲ್ಕೂ ಹೆಣೆದುಕೊಂಡಿರುತ್ತವೆ ಎಂದು ಕಲಿಸಿದರು. ನಾಯಿ ತಲುಪಬಲ್ಲದ್ದು ಕೊನೆಯ ಮೂರನ್ನು. ದೇಹದ ನೋವು ಚೀರುತ್ತಿರುವಾಗ ಉಳಿದ ಮೂರರ ಬಾಗಿಲು ತೆರೆಯುವುದಿಲ್ಲ. ಬಾಯಿಯಿಂದ ಅಥವಾ ಕೊಳವೆಯಿಂದ ಕೊಡುವ ಸಾಮಾನ್ಯ ಮಾರ್ಫಿನ್ ಅರ್ಧ ಗಂಟೆಯಲ್ಲಿ ಕೆಲಸ ಶುರುಮಾಡಿ ಒಂದು ಗಂಟೆಯ ಹೊತ್ತಿಗೆ ಪೂರ್ಣ ಬಲಕ್ಕೆ ಬರುತ್ತದೆ, ನಾಲ್ಕು ಗಂಟೆ ನಿಲ್ಲುತ್ತದೆ. ಭೇಟಿಯನ್ನು ಆ ಒಂದು ಗಂಟೆಯ ಸುಮಾರಿಗೆ ಹೊಂದಿಸಿ. ನಾಲ್ಕು ಗಂಟೆಗೆ ಮೊದಲೇ ನೋವು ಮರಳುತ್ತಿದ್ದರೆ ಪ್ರಮಾಣ ಸಾಲದು ಎಂದರ್ಥ. ಬೆಳಗಾವಿಯ ವೈದ್ಯರಿಗೆ ಹೇಳಿ. ಮಾರ್ಫಿನ್ ಕೊಟ್ಟರೆ ಚಟವಾಗುತ್ತದೆ, ಬೇಗ ಸಾಯುತ್ತಾರೆ ಎಂಬ ಮಾತುಗಳಿಗೆ ಕಿವಿಗೊಡಬೇಡಿ. 2014ರಲ್ಲಿ ಕಾನೂನು ತಿದ್ದುಪಡಿಯಾಗಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಮೊದಲಿಗಿಂತ ಸುಲಭವಾಗಿದೆ. ಮುಗಿದುಹೋಗುವ ದಿನದವರೆಗೆ ಕಾಯದೆ ಮೊದಲೇ ತಂದಿಟ್ಟುಕೊಳ್ಳಿ.

ನಾಯಿಗೆ ಮುನ್ನಾದಿನ ಸ್ನಾನ ಮಾಡಿಸಿ ಒಣಗಿಸಿ. ಬರುವ ಮೊದಲು ಅದನ್ನು ಚೆನ್ನಾಗಿ ಓಡಾಡಿಸಿ, ಮೊದಲ ಉತ್ಸಾಹವೆಲ್ಲ ಹೊರಗೇ ಕರಗಲಿ. ನಿಮ್ಮ ಭಾಗದ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಆದ್ದರಿಂದ ಬೆಳಿಗ್ಗೆಯೋ ಸಂಜೆಯೋ ಆಗಲಿ. ತಂದೆಯವರನ್ನು ಒರಗಿಸಿ ಕೂರಿಸಿ, ಎಡಗೆನ್ನೆ ನಾಯಿಯ ಕಡೆಗೆ ಇರುವಂತೆ. ಮಂಚದ ಅಂಚಿಗೆ ಒಗೆದ ಕೌದಿಯೊಂದನ್ನು ಹಾಸಿ, ನಂತರ ಅದನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರಾಯಿತು. ದಿನವೂ ಅನ್ನ ಹಾಕಿ ನಾಯಿಗೆ ಬಳಕೆಯಾದವರೊಬ್ಬರು ಹಗ್ಗ ಹಿಡಿದಿರಲಿ, ಇನ್ನೊಬ್ಬರು ತಂದೆಯವರ ತಲೆಯ ಬಳಿ ಇರಲಿ. ಉಳಿದವರು ಹೊರಗೆ ನಿಲ್ಲಲಿ. ಊರಿನವರೆಲ್ಲ ಬಾಗಿಲಲ್ಲಿ ಸೇರಿ ಮೊಬೈಲಿನಲ್ಲಿ ವಿಡಿಯೊ ಮಾಡತೊಡಗಿದರೆ ಆ ಮನುಷ್ಯನಿಗೂ ಆ ನಾಯಿಗೂ ಇರುವ ಏಕಾಂತ ಹಾಳಾಗುತ್ತದೆ. ಹತ್ತು ಹದಿನೈದು ನಿಮಿಷ ಮೊದಲ ಸಲಕ್ಕೆ ಸಾಕು. ಮುಗಿದ ಮೇಲೆ ತಂದೆಯವರ ಕೈಗಳನ್ನು ಸೋಪಿನಿಂದ ತೊಳೆಯಿರಿ.

ನಾಯಿಗೂ ಒಪ್ಪಿಗೆಯ ಹಕ್ಕಿದೆ. ಔಷಧಿಯ ವಾಸನೆ, ಬದಲಾದ ಮುಖ, ಮೂಗಿನ ಕೊಳವೆ ಕಂಡು ಅದು ಮೊದಲಿಗೆ ಹಿಂಜರಿಯಬಹುದು. ಪದೇ ಪದೇ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸುವುದು, ಕಿವಿ ಹಿಂದಕ್ಕೆ ಒತ್ತಿಕೊಳ್ಳುವುದು, ಬಾಲ ಕಾಲ ಸಂದಿಗೆ ಸೇರುವುದು ಭಯದ ಗುರುತುಗಳು. ಎಳೆದು ಹತ್ತಿರ ತರಬೇಡಿ. ತಂದೆಯವರ ಒಗೆಯದ ಒಂದು ಟವೆಲ್ಲನ್ನು ಹಿಂದಿನ ದಿನವೇ ತೋಟಕ್ಕೆ ಕಳುಹಿಸಿ ನಾಯಿಯ ಬಳಿ ಹಾಕಿಸಿ, ಗಾಯಕ್ಕೆ ತಾಗಿದ್ದು ಬೇಡ. ಗುರುತು ಹಿಡಿಯಲು ಅದರಿಂದ ಸಹಾಯವಾಗುತ್ತದೆ. ಮೊದಲ ದಿನ ಹೊಸ್ತಿಲ ಬಳಿಯೇ ಕುಳಿತರೆ ಕುಳಿತಿರಲಿ, ತಂದೆಯವರು ನೋಡುತ್ತಾರೆ, ಅದೂ ಭೇಟಿಯೇ. ಕೊನೆಯ ದಿನಗಳಲ್ಲಿ ರೋಗಿಗೆ ಗೊಂದಲ, ಭ್ರಮೆ ಶುರುವಾದರೆ ನಾಯಿಯನ್ನು ಕಂಡು ಅವರೇ ಹೆದರಬಹುದು. ಆಗ ಸದ್ದಿಲ್ಲದೆ ಹೊರಗೆ ಕರೆದೊಯ್ಯಿರಿ.

ಎತ್ತುಗಳ ಮಾತು. ಫ್ರಾನ್ಸಿನ ಕ್ಯಾಲೆ ನಗರದ ಆಸ್ಪತ್ರೆಯೊಂದರಲ್ಲಿ ಪೇಯೋ ಎಂಬ ಕುದುರೆ ಅಂತಿಮ ಹಂತದ ಕ್ಯಾನ್ಸರ್ ರೋಗಿಗಳ ಕೋಣೆಯವರೆಗೂ ನಡೆದುಹೋಗುವುದನ್ನು ಜಗತ್ತು ಬೆರಗಿನಿಂದ ನೋಡಿದೆ. ಅಲ್ಲಿ ಕುದುರೆ ಕೋಣೆಗೆ ಹೋಗಬಹುದಾದರೆ ಇಲ್ಲಿ ಮಂಚ ಅಂಗಳಕ್ಕೆ ಬರಬಹುದು. ತಂದೆಯವರನ್ನು ಮಂಚದ ಸಮೇತ ಹೊರಗಿನ ನೆರಳಿಗೆ ತನ್ನಿ. ಖಿಲಾರಿ ಚುರುಕು ತಳಿ, ಹೊಸಬರನ್ನು ನಂಬುವುದಿಲ್ಲ. ಹಾಗಾಗಿ ದಿನವೂ ಹೂಡುವವರೇ ಮೂಗುದಾಣ ಹಿಡಿದು ಒಂದೊಂದಾಗಿ ಕರೆತರಲಿ, ಎರಡನ್ನೂ ಒಟ್ಟಿಗೆ ಬೇಡ. ಎತ್ತು ಹಾಯುವುದು ಕಡಿಮೆ. ನೊಣ ಓಡಿಸಲು ತಲೆ ಬೀಸುವಾಗ ಕೊಂಬು ತಾಗುವುದೇ ಹೆಚ್ಚು. ಅದರ ಭುಜ ಮಂಚದ ಪಕ್ಕಕ್ಕೆ, ಮುಖ ಮುಂದಕ್ಕೆ ಇರುವಂತೆ ನಿಲ್ಲಿಸಿ. ತಂದೆಯವರ ಕೈ ಗಂಗೆದೊಗಲಿಗೋ ಹಿಣಿಲಿಗೋ ಸಿಗುತ್ತದೆ. ಒಂದು ಹಿಡಿ ಕಣಿಕೆ, ಒಂದು ತುಂಡು ಬೆಲ್ಲ ಅವರ ಕೈಯಿಂದಲೇ ಎತ್ತಿನ ಬಾಯಿಗೆ ಹೋಗುವಂತೆ ಮಾಡಿ, ಅವರ ಮುಂಗೈಯನ್ನು ಕೆಳಗಿನಿಂದ ನೀವು ಆತುಕೊಳ್ಳಿ. ಇಷ್ಟು ತಿಂಗಳು ಎಲ್ಲರೂ ಅವರಿಗೆ ಉಣ್ಣಿಸಿದ್ದಾರೆ, ಶುಚಿ ಮಾಡಿದ್ದಾರೆ, ಮಗ್ಗುಲು ಬದಲಿಸಿದ್ದಾರೆ. ಅವರು ಇನ್ನೊಂದು ಜೀವಕ್ಕೆ ಏನನ್ನಾದರೂ ಕೊಡುವ ಅವಕಾಶ ಸಿಗುವುದು ಇಲ್ಲಿ ಮಾತ್ರ. ಮನೆಭೇಟಿಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇದನ್ನೇ: ಊಟ ಮಾಡಿಸಿಕೊಳ್ಳುವಾಗ ಕುಗ್ಗುವ ರೈತ ಹಿಂಡಿ ತಿನ್ನಿಸುವಾಗ ಒಡೆಯನಾಗುತ್ತಾನೆ.

ಜಾನುವಾರುಗಳಿಗೆ ಬರುವ ಚರ್ಮಗಂಟು ರೋಗ ಮನುಷ್ಯರಿಗೆ ಹರಡುವುದಿಲ್ಲ, ಆ ಭಯ ಬೇಡ. ಕಂದು ಹಾಕಿದ ಆಕಳು, ಎಮ್ಮೆ ಮಾತ್ರ ರೋಗಿಯ ಹತ್ತಿರ ಬರಬಾರದು, ಮನುಷ್ಯರಿಗೂ ತಗಲುವ ಬ್ರುಸೆಲ್ಲೋಸಿಸ್ ಸೋಂಕು ಇರಬಹುದು. ಬೆಕ್ಕು ಪರಚುತ್ತದೆ, ರೋಗಿಯ ಎದೆಯ ಮೇಲೇರಿ ಮಲಗುತ್ತದೆ. ತೆರೆದ ಗಾಯವಿರುವಲ್ಲಿ ನನಗದು ಒಪ್ಪಿಗೆಯಿಲ್ಲ. ಬೇಸರ ಕಳೆಯಲೆಂದು ಗಿಳಿ ತಂದು ಪಂಜರದಲ್ಲಿಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಜೊತೆಗೆ ಪಕ್ಷಿಗಳ ಹಿಕ್ಕೆಯಿಂದ ಶ್ವಾಸಕೋಶದ ಸೋಂಕು ಬರಬಹುದು.

ಇದನ್ನು ಓದುವ ಬೇರೆ ಮನೆಗಳಲ್ಲಿ ಪ್ರಾಣಿಗಳೇ ಇಲ್ಲದಿರಬಹುದು. ಆಲಮಟ್ಟಿ ಹಿನ್ನೀರಿಗೆ ಹೊಲ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಎಷ್ಟೋ ಕುಟುಂಬಗಳು ಗೋದಲಿಗೆ ಜಾಗವಿಲ್ಲದೆ ದನ ಮಾರಿದವು. ಆ ತಲೆಮಾರಿನವರು ಈಗ ಹಾಸಿಗೆ ಹಿಡಿಯುತ್ತಿದ್ದಾರೆ. ಅವರ ಬಳಿ ಕುಳಿತು ಆ ಎತ್ತುಗಳ ಹೆಸರು ಕೇಳಿ, ಯಾವ ಜಾತ್ರೆಯಲ್ಲಿ ಎಷ್ಟಕ್ಕೆ ತಂದದ್ದು ಎಂದು ಕೇಳಿ. ಕೈಯಲ್ಲಿ ಸ್ವಲ್ಪವಾದರೂ ಕಸುವಿದ್ದರೆ ಕಪ್ಪು ಮಣ್ಣು ನಾದಿ ಕೊಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುತ್ತಿದ್ದ ಜೋಡಿಯನ್ನು ಬೆರಳುಗಳು ಮರೆತಿರುವುದಿಲ್ಲ. ನೆರೆಯವರ ಸಾಧು ಕರುವೊಂದು ಹತ್ತು ನಿಮಿಷ ಬಂದು ಹೋದರೂ ಆಯಿತು.

ಎಲ್ಲರಿಗೂ ಇದು ಹಿತವಲ್ಲ ಎಂಬುದೂ ನೆನಪಿರಲಿ. ಬದುಕಿನಲ್ಲಿ ನಾಯಿಯೆಂದರೆ ಹೆದರಿದವರು, ಮಡಿ ಪಾಲಿಸುವವರು, ನಾಯಿಯ ಜೊಲ್ಲು ತಾಗಿದರೆ ನಮಾಜಿಗೆ ಅಡ್ಡಿ ಎಂದು ಭಾವಿಸುವ ಮುಸ್ಲಿಂ ಹಿರಿಯರು ಇದ್ದಾರೆ. ಮೈಲಾರಲಿಂಗನ ಒಕ್ಕಲಿನವರಿಗೆ ಅದೇ ನಾಯಿ ಪೂಜ್ಯ. ರೋಗಿಯನ್ನು ಕೇಳದೆ ಯಾವ ಪ್ರಾಣಿಯನ್ನೂ ಹಾಸಿಗೆಯ ಬಳಿಗೆ ತರಬಾರದು. ನಾಯಿ ರಾತ್ರಿ ಊಳಿಟ್ಟರೆ ಯಮ ಬಂದ ಸೂಚನೆ ಎಂದು ನಿಮ್ಮ ಮನೆಯ ಹಿರಿಯರು ಹೇಳಬಹುದು. ಕಟ್ಟಿಹಾಕಿದ, ಒಡೆಯನನ್ನು ಕಾಣದ ನಾಯಿ ಊಳಿಡುವುದು ಸಹಜ ಎಂದು ಅವರಿಗೆ ಹೇಳಿ. ಮನೆಗೆ ತಂದರೆ ಬಹುಶಃ ನಿಂತೂಹೋಗುತ್ತದೆ.

ಕೊನೆಯದಾಗಿ ಅಣ್ಣನ ಯೋಚನೆ. ಅವನನ್ನು ದೂರಬೇಡಿ. ಆಸ್ಪತ್ರೆಯ ಸಾಲವಿರಬಹುದು, ಎತ್ತು ಸಾಕಲು ಆಳು ಸಿಗದಿರಬಹುದು. ಆದರೆ ಕದ್ದು ಮಾರಬಾರದು. ತಂದೆಯವರಿಗೆ ಗೋದಲಿಯ ಸದ್ದು ಕೇಳುತ್ತಿರುತ್ತದೆ. ಒಂದು ಬೆಳಿಗ್ಗೆ ಗಂಟೆಯ ಸದ್ದು ನಿಂತರೆ ಅವರಿಗೆ ತಿಳಿಯುತ್ತದೆ, ಆಮೇಲೆ ನೀವು ಹೇಳುವ ಯಾವ ಮಾತನ್ನೂ ಅವರು ನಂಬುವುದಿಲ್ಲ, ಔಷಧಿಯ ಬಗ್ಗೆ ಹೇಳುವುದನ್ನೂ. ಅವರು ದಿನವೂ ನಾಯಿಯನ್ನು ಕೇಳುತ್ತಿರುವುದರ ಹಿಂದೆ, ನೋಡುವ ಆಸೆಯ ಜೊತೆಗೆ, ನಾನು ಹೋದ ಮೇಲೆ ಇವುಗಳಿಗೆ ಯಾರು ಎಂಬ ಚಿಂತೆ ಇರುವುದು ಬಹಳ ಸಾಧ್ಯ. ನನ್ನ ರೋಗಿಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಹೊಲ ಯಾರಿಗೆ ಎಂಬುದನ್ನು ಎಲ್ಲರೂ ಕೇಳುತ್ತಾರೆ, ಎತ್ತು ಯಾರಿಗೆ ಎಂದು ಕೇಳುವವರು ಕಡಿಮೆ.

ನೇರವಾಗಿ ಕೇಳಿ. ಇಟ್ಟುಕೊಳ್ಳುವುದಾದರೆ ಯಾರು ನೋಡಿಕೊಳ್ಳಬೇಕು, ಕೊಡುವುದಾದರೆ ಯಾರ ಮನೆಗೆ ಕೊಡಬೇಕು, ಜೋಡಿ ಒಡೆಯಬಹುದೇ, ಬಾರದೇ. ಸ್ಲೇಟು ಅವರ ಕೈಗೆ ಕೊಟ್ಟು ಕಾಯಿರಿ, ಬರೆಯಲು ಸಮಯ ಹಿಡಿಯುತ್ತದೆ. ಅವರು ಹೆಸರಿಸಿದ ಮನೆಯವರು ಹಣ ಸ್ವಲ್ಪ ಕಡಿಮೆ ಕೊಟ್ಟರೂ ಅಲ್ಲಿಗೇ ಕೊಡಿ ಎಂಬುದು ನನ್ನ ಸಲಹೆ. ಕೊಳ್ಳುವವರು ಬಂದು ಹಗ್ಗವನ್ನು ತಂದೆಯವರ ಕೈಯಿಂದಲೇ ಪಡೆಯಲಿ. ನಾಯಿಯ ಊಟದ ಹೊಣೆಯನ್ನು ಮುಂದೆ ಯಾರು ಹೊರುತ್ತಾರೋ ಅವರು ಈ ವಾರದಿಂದಲೇ, ತಂದೆಯವರಿಗೆ ಕಾಣುವ ಜಾಗದಲ್ಲಿ, ಅದಕ್ಕೆ ಅನ್ನ ಹಾಕಲು ತೊಡಗಲಿ. ನಾಯಿಗೆ ಹೊಸ ಕೈ ರೂಢಿಯಾಗುತ್ತದೆ, ತಂದೆಯವರಿಗೆ ಉತ್ತರ ಸಿಗುತ್ತದೆ.

ಈ ವಾರ ನೀವು ಮಾಡಬೇಕಾದ ಕೆಲಸ: ಲಸಿಕೆಯ ಕಾರ್ಡು ಹುಡುಕಿ ಪಶುವೈದ್ಯರನ್ನು ಕಾಣುವುದು, ಬೆಳಗಾವಿಯ ವೈದ್ಯರಿಗೆ ಫೋನ್ ಮಾಡಿ ಗಾಯದಿಂದ ರಕ್ತಸ್ರಾವದ ಸಂಭವ ಎಷ್ಟು, ರೋಗನಿರೋಧಕ ಶಕ್ತಿಯ ಸ್ಥಿತಿ ಏನು, ಮಾರ್ಫಿನ್ ಪ್ರಮಾಣ ಸಾಕೇ ಎಂದು ಕೇಳುವುದು. ಪಟ್ಟಿಯಲ್ಲಿ ಹೊಸ ರಕ್ತದ ಕಲೆ ಕಂಡರೆ ಅಥವಾ ಜ್ವರವಿದ್ದರೆ ಭೇಟಿಯನ್ನು ಮುಂದೂಡಿ ಮೊದಲು ಅವರಿಗೆ ತಿಳಿಸಿ. ಸಾಧ್ಯವಾದರೆ ರಜೆ ಹಾಕಿ ನೀವೂ ಊರಿಗೆ ಹೋಗಿ. ತಂದೆಯವರ ತಲೆಯ ಬಳಿ ಇರಬೇಕಾದವರು ನೀವೇ.